ಪಶ್ಚಿಮ ನೈಲ್ ವಿಷಾಣುವೂ ದುರ್ಬಲದೇಹಿಗಳ ಮಿದುಳುಜ್ವರವೂ

ರೋಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರೋಗಬೀಜದ ಚರಿತ್ರೆಯನ್ನೇ ಬರೆಯುವರು. ಆ ಬೀಜವು ಬೀಳುವ ನೆಲವನ್ನು, ಎಂದರೆ ರೋಗಿಯ ದೇಹವನ್ನು, ಮರೆಯುವುದುಂಟು. ಈ ಮರೆವಿನಿಂದ ಎಂತಹ ಹಾನಿಯುಂಟಾಗಬಹುದೆಂಬುದಕ್ಕೆ ಪಶ್ಚಿಮ ನೈಲ್ ವಿಷಾಣುವಿನ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

1937ನೆಯ ಇಸವಿಯಲ್ಲಿ ಯುಗಾಂಡ ದೇಶದ ಪಶ್ಚಿಮ ನೈಲ್ ಪ್ರಾಂತದಲ್ಲಿ, ಹಳದಿ ಜ್ವರದ ಶೋಧನೆಯಲ್ಲಿ ತೊಡಗಿದ್ದ ವಿದ್ವಾಂಸರು ಜ್ವರಪೀಡಿತಳಾದ ಒಬ್ಬ ಸ್ತ್ರೀಯ ರಕ್ತದಿಂದ ಈ ವಿಷಾಣುವನ್ನು ಬೇರ್ಪಡಿಸಿದರು. ಸ್ಮಿತ್‌ಬರ್ನ್ ಮೊದಲಾದವರು 1940ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಇದನ್ನು ನರಮಂಡಲಗಾಮಿಯೆಂದು ಕರೆದಿದ್ದಾರೆ. ಆ ಸ್ತ್ರೀಗೆ ಬಂದಿದ್ದುದು ಸಾಧಾರಣ ಜ್ವರ. ಆದರೆ ಪ್ರಯೋಗದ ಇಲಿಗಳಲ್ಲಿ ಅದು ಮಿದುಳನ್ನೇ ಹಿಡಿಯಿತು. ಒಂದೇ ಬೀಜವು ಒಂದೆಡೆ ಸೌಮ್ಯವಾಗಿಯೂ ಇನ್ನೊಂದೆಡೆ ಮಾರಕವಾಗಿಯೂ ವರ್ತಿಸುವುದೆಂಬ ಸೂಚನೆಯು ಹೀಗೆ ಮೊದಲ ದಿನದಿಂದಲೇ ಇದ್ದಿತು.

1950ರ ಬಳಿಕ ನ್ಯೂಯಾರ್ಕ್ ನಗರದಲ್ಲಿ ಸೌತಮ್ ಮತ್ತು ಮೂರ್ ಎಂಬ ವೈದ್ಯರು, ವಿಷಾಣುವು ಏಡಿಗಂತಿಯನ್ನು ಕರಗಿಸಬಹುದೆಂಬ ಆಶೆಯಿಂದ, ವಾಸಿಯಾಗದ ಅರ್ಬುದರೋಗಿಗಳಿಗೆ ಈಜಿಪ್ಟಿನಿಂದ ತಂದ ಪಶ್ಚಿಮ ನೈಲ್ ವಿಷಾಣುವನ್ನು ಚುಚ್ಚಿದರು. ಹಲವರಿಗೆ ಜ್ವರಕ್ಕಿಂತ ಹೆಚ್ಚಿನದೇನೂ ಬರಲಿಲ್ಲ. ಕೆಲವರಲ್ಲಿ ಮಿದುಳಿನ ಉರಿಯೂತದ ಲಕ್ಷಣಗಳು ತಲೆದೋರಿದುವು. ರಕ್ತದಲ್ಲಿ ವಿಷಾಣುವು ಎಷ್ಟು ದಿನ ಉಳಿಯುವುದೆಂಬುದನ್ನೂ ಆ ವೈದ್ಯರು ಗುರುತುಹಾಕಿ 1954ರಲ್ಲಿ ಪ್ರಕಟಿಸಿದರು. ಶಕ್ತಿಗುಂದಿದ ದೇಹದಲ್ಲಿ ಈ ರೋಗದ ನಡೆಯೇನೆಂಬುದು ಅಂದೇ ಅಚ್ಚಾಗಿದ್ದಿತು. ಚಿಕಿತ್ಸೆಯ ಆಶೆಯು ಫಲಿಸಲಿಲ್ಲ. ಲೇಖನವು ಕಪಾಟನ್ನು ಸೇರಿತು.

1999ರ ಬೇಸಗೆಯ ಕೊನೆಯಲ್ಲಿ ಅದೇ ನಗರದಲ್ಲಿ ಕಾಗೆಗಳು ಸಾಯತೊಡಗಿದುವು. ವೃದ್ಧರು ಮಿದುಳುಜ್ವರದಿಂದ ಮಲಗಿದರು. ಮೊದಲು ಅದನ್ನು ಸೇಂಟ್ ಲೂಯಿಸ್ ಮಿದುಳುಜ್ವರವೆಂದು ಭಾವಿಸಿದ್ದರು. ಪಕ್ಷಿಗಳ ಮರಣವನ್ನು ಪರೀಕ್ಷಿಸಿದ ಮೇಲೆ ನಿಜವು ಹೊರಬಿದ್ದಿತು. ಆ ವರ್ಷ 62 ಮಂದಿ ತೀವ್ರವಾಗಿ ಅಸ್ವಸ್ಥರಾದರು. 7 ಮಂದಿ ಮೃತರಾದರು. ಆಗಲೂ ಜನರು ಅಂಜಿದುದು ಸೊಳ್ಳೆಗೆ. ರಕ್ತದ ಸೀಸೆಗೆ ಅಂಜಿದವರು ವಿರಳ. 2002ರಲ್ಲಿ ಇಬ್ಬರು ವಿದ್ವಾಂಸರು ರಕ್ತಪೂರಣದಿಂದ ಒದಗಬಹುದಾದ ಅಪಾಯವನ್ನು ಗಣಿತದಿಂದ ಅಂದಾಜು ಮಾಡಿದಾಗ, ಅವರಿಗೆ ಆಧಾರವಾಗಿ ದೊರೆತುದು ಆ ಹಳೆಯ ಅರ್ಬುದರೋಗಿಗಳ ರಕ್ತದ ಲೆಕ್ಕವೇ.

ಅದೇ ವರ್ಷದ ಆಗಸ್ಟಿನಲ್ಲಿ ಗಣಿತವು ನಿಜವಾಯಿತು. ಅಮೆರಿಕದಲ್ಲಿ ಒಬ್ಬ ದಾನಿಯ ಅಂಗಗಳನ್ನು ನಾಲ್ವರಿಗೆ ಜೋಡಿಸಿದರು. ಆ ದಾನಿಗೆ ಅದಕ್ಕೆ ಮೊದಲು 63 ಮಂದಿಯ ರಕ್ತವು ಸಂದಿದ್ದಿತು. ಅವರಲ್ಲೊಬ್ಬರ ರಕ್ತದಲ್ಲಿ ವಿಷಾಣುವಿದ್ದಿತು. ಅಂಗ ಪಡೆದ ನಾಲ್ವರಲ್ಲಿ ಮೂವರಿಗೆ ಮಿದುಳಿನ ಉರಿಯೂತವುಂಟಾಗಿ ಒಬ್ಬರು ತೀರಿಕೊಂಡರು. 2003ರ ಬೇಸಗೆಯಿಂದ ಆ ದೇಶದಲ್ಲಿ ದಾನದ ರಕ್ತವನ್ನೆಲ್ಲ ಈ ವಿಷಾಣುವಿಗಾಗಿ ಪರೀಕ್ಷಿಸತೊಡಗಿದರು.

ಕಾರಣವು ಸ್ಪಷ್ಟವಾದುದು. ಸೋಂಕಿದವರಲ್ಲಿ ನೂರಕ್ಕೆ ಒಬ್ಬರಿಗೂ ನರಮಂಡಲದ ಪೀಡೆಯು ಬರುವುದಿಲ್ಲ. ಪ್ರತಿಕಾಯಗಳು ವಿಷಾಣುವನ್ನು ರಕ್ತದಲ್ಲಿಯೇ ತಡೆಯುವುವು. ಜೋಡಿಸಿದ ಅಂಗವನ್ನು ದೇಹವು ತಿರಸ್ಕರಿಸದಿರಲೆಂದು ಕೊಡುವ ಔಷಧಗಳಾಗಲಿ, ರಿಟುಕ್ಸಿಮ್ಯಾಬಿನಂತಹ ಅರ್ಬುದದ ಔಷಧಗಳಾಗಲಿ ಈ ಕಾವಲನ್ನೇ ಕುಗ್ಗಿಸುವುವು. ಇದರಿಂದ ಇನ್ನೊಂದು ತೊಡಕೂ ಉಂಟು: ಪ್ರತಿಕಾಯವೇ ಹುಟ್ಟದ ರೋಗಿಯಲ್ಲಿ ಪ್ರತಿಕಾಯವನ್ನು ಹುಡುಕುವ ಪರೀಕ್ಷೆಯು ರೋಗವಿಲ್ಲವೆಂದೇ ಹೇಳುವುದು. ಅಲ್ಲಿ ವಿಷಾಣುವಿನ ಬೀಜದ್ರವ್ಯವನ್ನೇ ಅರಸತಕ್ಕದ್ದು.

ಕನ್ನಡನಾಡಿಗೆ ಈ ವಿಷಾಣುವು ಅಪರಿಚಿತವಲ್ಲ. ಮೈಸೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಮಿದುಳುಜ್ವರದಿಂದ ಮಡಿದ ಮಕ್ಕಳ ಮಿದುಳಿನಿಂದ ಅದನ್ನು ಬೇರ್ಪಡಿಸಿದ ವಿಷಯವು 1984ರಲ್ಲಿ ಪ್ರಕಟವಾಗಿದೆ. ಅಂಗಜೋಡಣೆಯೂ ಅರ್ಬುದಚಿಕಿತ್ಸೆಯೂ ನಡೆಯುತ್ತಿರುವ ನಾಡಿನಲ್ಲಿ ಈ ಚರಿತ್ರೆಯು ದೂರದೇಶದ ಕಥೆಯೆನಿಸಲಾರದು.

1954ರ ಲೇಖನದಲ್ಲಿದ್ದ ತಿಳಿವಳಿಕೆಯನ್ನು ಕೊಟ್ಟವರು ಸಾವಿನ ಅಂಚಿನಲ್ಲಿದ್ದ ರೋಗಿಗಳು. ಅದರ ಪ್ರಯೋಜನವು ಅವರಿಗೆ ದೊರೆಯಲಿಲ್ಲ. ಅವರಂತೆಯೇ ಬಲಗುಂದಿದವರಿಗೆ ದೊರೆಯಲು ಅರ್ಧ ಶತಮಾನವೇ ಹಿಡಿಯಿತು. ಅಷ್ಟು ಬೆಲೆತೆತ್ತು ಪಡೆದ ಬರಹವನ್ನು ಮತ್ತೆಮತ್ತೆ ತೆರೆದು ಓದುವುದು ವಿದ್ವಾಂಸರು ತೀರಿಸಬೇಕಾದ ಋಣವೇ ಸರಿ.