ಚಾಟ್ನಿ ಕಲಿಸುವ ವಿಡಿಯೋ: ಎಷ್ಟು ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು

ಪರದೆಯ ಮೇಲಿನ ಪಾಠ ವಿಜಯಪುರ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗ ಶುರುವಾದಾಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದ ಪಾಲಿಗೆ ಆಯ್ಕೆಯಾದವು ಬಿಜಾಪುರ (ಇಂದಿನ ವಿಜಯಪುರ), ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ನಾಸಾದ ಎಟಿಎಸ್-6 ಉಪಗ್ರಹ ಕಳಿಸಿದ ಚಿತ್ರವನ್ನು ತಂತಿಜಾಳಿಗೆಯ ದೊಡ್ಡ ಆಂಟೆನಾ ಹಿಡಿದು ಊರಿನ ಸಾರ್ವಜನಿಕ ಟಿವಿಗೆ ಕೊಡುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಅಷ್ಟು ದೊಡ್ಡ ಸಾಹಸಕ್ಕೂ ಒಂದು ಕೊರತೆಯಿತ್ತು: ಅರ್ಥವಾಗದ ಕಡೆ ಪಾಠವನ್ನು ನಿಲ್ಲಿಸಲು, ಇನ್ನೊಮ್ಮೆ ನೋಡಲು ಕುಳಿತವರಿಗೆ ದಾರಿಯಿರಲಿಲ್ಲ.

ಆ ಕೊರತೆ ಎಷ್ಟು ದೊಡ್ಡದೆಂದು ಮನೋವಿಜ್ಞಾನ ನಿಧಾನವಾಗಿ ಕಂಡುಕೊಂಡಿತು. ಮನುಷ್ಯ ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಸಂಗತಿಗಳು ಬೆರಳೆಣಿಕೆಯಷ್ಟೇ ಎಂದು ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದಿದ್ದರು. ಕಂಡ ಚಿತ್ರ ಮತ್ತು ಕೇಳಿದ ಮಾತು ಎರಡು ಬೇರೆ ಹಾದಿಗಳಲ್ಲಿ ಮನಸ್ಸನ್ನು ಸೇರುತ್ತವೆ ಎಂದವರು ಕೆನಡಾದ ಅಲನ್ ಪೈವಿಯೋ. 1988ರಲ್ಲಿ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಕಲಿಯುವವನ ತಲೆಯ ಮೇಲಿನ ಹೊರೆಯನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು.

ಇವೆಲ್ಲವನ್ನೂ ಪಾಠ ತಯಾರಿಸುವವರ ಕೈಗೆಟುಕುವಂತೆ ಮಾಡಿದವರು ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್. ಸೈಕಲ್ ಪಂಪಿನೊಳಗೆ ಗಾಳಿ ಹೇಗೆ ಚಲಿಸುತ್ತದೆ, ಮಿಂಚು ಹೇಗೆ ಹುಟ್ಟುತ್ತದೆ ಎಂಬಂಥ ಪುಟ್ಟ ಪಾಠಗಳನ್ನು ಬಗೆಬಗೆಯಾಗಿ ತೋರಿಸಿ ಅವರ ತಂಡ ಪರೀಕ್ಷೆ ಮಾಡಿತು. ಮಿಂಚಿನ ಪಾಠಕ್ಕೆ ಸಿಡಿಲಿನ ರೋಚಕ ಪ್ರಸಂಗಗಳನ್ನು ಸೇರಿಸಿದಾಗ ಕಲಿಕೆ ಹೆಚ್ಚಲಿಲ್ಲ, ತಗ್ಗಿತು. ಅದೇ ಪಾಠವನ್ನು 16 ತುಂಡು ಮಾಡಿ, ಮುಂದಿನ ತುಂಡಿಗೆ ಹೋಗುವ ಗುಂಡಿಯನ್ನು ಕಲಿಯುವವರ ಕೈಗೇ ಕೊಟ್ಟಾಗ ಅವರು ಹೆಚ್ಚು ಅರ್ಥಮಾಡಿಕೊಂಡರು. 2001ರಲ್ಲಿ ಬಂದ ಮೇಯರ್ ಅವರ ‘ಮಲ್ಟಿಮೀಡಿಯಾ ಲರ್ನಿಂಗ್’ ಪುಸ್ತಕ ಮತ್ತು ಅದರ ಮುಂದಿನ ಆವೃತ್ತಿಗಳು ಇಂಥ ಫಲಿತಾಂಶಗಳನ್ನು ತತ್ತ್ವಗಳಾಗಿ ಜೋಡಿಸಿದವು. ಬೇಡದ್ದನ್ನು ಬಿಡಿ, ಮುಖ್ಯವಾದದ್ದನ್ನು ಗುರುತು ಹಾಕಿ ತೋರಿಸಿ, ಚಿತ್ರ ಮತ್ತು ಅದರ ಮಾತನ್ನು ಒಟ್ಟಿಗೇ ಕೊಡಿ, ಪಾಠಕ್ಕೆ ಮುಂಚೆ ಮುಖ್ಯ ಹೆಸರುಗಳನ್ನು ಪರಿಚಯಿಸಿ. ಈಗ ಕೇಳಿದರೆ ಇದರಲ್ಲೇನು ಹೊಸದು ಎನ್ನಿಸಬಹುದು. ಆದರೆ ಅಬ್ಬರದ ಸಂಗೀತ, ತಿರುಗುವ ಲೋಗೋ, ಎರಡು ನಿಮಿಷದ ಸ್ವಾಗತ ಭಾಷಣ ತುಂಬಿದ ವಿಡಿಯೋಗಳು ಇಂದಿಗೂ ಬರುತ್ತಲೇ ಇವೆ.

ಭಾರತದಲ್ಲಿ ಈ ತಿಳಿವಳಿಕೆಗೆ ಹತ್ತಿರವಾದ ಕೆಲಸ ಎರಡು ಕಡೆ ನಡೆಯಿತು. ಐಐಟಿ ಬಾಂಬೆಯಲ್ಲಿ ಕಣ್ಣನ್ ಮೌದ್ಗಲ್ಯ ಅವರು ಕಟ್ಟಿದ ‘ಸ್ಪೋಕನ್ ಟ್ಯುಟೋರಿಯಲ್’ ಸುಮಾರು ಹತ್ತು ನಿಮಿಷದ ತುಂಡುಗಳಲ್ಲಿ ಸಾಫ್ಟ್‌ವೇರ್ ಕಲಿಸುತ್ತದೆ. ಕಲಿಯುವವರು ಪರದೆಯ ಒಂದು ಬದಿಯಲ್ಲಿ ವಿಡಿಯೋ, ಇನ್ನೊಂದು ಬದಿಯಲ್ಲಿ ಸಾಫ್ಟ್‌ವೇರ್ ಇಟ್ಟುಕೊಂಡು, ನಿಲ್ಲಿಸುತ್ತ, ಮಾಡಿ ನೋಡುತ್ತ ಸಾಗುತ್ತಾರೆ. ಪರದೆಯ ಇಂಗ್ಲಿಷ್ ಹಾಗೇ ಇರುತ್ತದೆ, ದನಿ ಮಾತ್ರ ಕನ್ನಡಕ್ಕೋ ತಮಿಳಿಗೋ ಬದಲಾಗುತ್ತದೆ. ಧ್ವನಿಮುದ್ರಣಕ್ಕೆ ಮೊದಲು ಪಾಠದ ಬರಹವನ್ನು ವಿಷಯ ಗೊತ್ತಿಲ್ಲದವರೊಬ್ಬರು ಪರೀಕ್ಷಿಸುವ ಕ್ರಮವೂ ಅಲ್ಲಿದೆ. ಬಲ್ಲವರಿಗೆ ಕಾಣದ ತೊಡಕು ಹೊಸಬರಿಗೆ ಕೂಡಲೇ ಸಿಗುತ್ತದೆ ಎಂಬುದನ್ನು ನೆಚ್ಚಿದ ಈ ಪದ್ಧತಿ ನಿಜಕ್ಕೂ ಮೆಚ್ಚತಕ್ಕದ್ದು.

ಎರಡನೆಯದು ಕರ್ನಾಟಕದ ಹೊಲಗಳಲ್ಲೇ ನಡೆದದ್ದು. 2006ರ ಸುಮಾರಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಆರಂಭಿಸಿದ ‘ಡಿಜಿಟಲ್ ಗ್ರೀನ್’, ಗ್ರೀನ್ ಫೌಂಡೇಶನ್ ಜೊತೆ ಸೇರಿ 16 ಹಳ್ಳಿಗಳಲ್ಲಿ ಪ್ರಯೋಗ ನಡೆಸಿತು. ವಿಡಿಯೋದಲ್ಲಿ ಮಾತಾಡುವವರು ಆ ಸೀಮೆಯ ರೈತರೇ. ಅದನ್ನು ತೋರಿಸುವ ಸ್ಥಳೀಯ ಕಾರ್ಯಕರ್ತ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. ಬರೀ ಭೇಟಿ-ತರಬೇತಿಯ ಹಳೆಯ ವಿಧಾನಕ್ಕಿಂತ ಖರ್ಚಿನ ಲೆಕ್ಕದಲ್ಲಿ ಇದು ಕನಿಷ್ಠ 10 ಪಟ್ಟು ಪರಿಣಾಮಕಾರಿ ಎಂದು ಸಂಶೋಧಕರು ಕಂಡರು. ಆಡುಮಾತಿನಲ್ಲಿ ಹೇಳಿದ ಪಾಠ ಚೆನ್ನಾಗಿ ನಾಟುತ್ತದೆ ಎಂಬ ಮೇಯರ್ ತಂಡದ ಫಲಿತಾಂಶಕ್ಕೆ ಹೊಲದಲ್ಲಿ ಸಿಕ್ಕ ಜೋಡಿ ಇದು. ವಿಡಿಯೋದಲ್ಲಿರುವ ರೈತ ಯಾವ ಊರಿನವನು ಎಂಬುದೇ ನೋಡುವವರ ಮೊದಲ ಪ್ರಶ್ನೆಯಾಗಿರುತ್ತಿತ್ತು.

ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಕನಮಡಿ ಮತ್ತು ಸುತ್ತಲಿನ ತಿಕೋಟಾ, ಬಬಲೇಶ್ವರ ಸೀಮೆಗೆ ಇಂಥ ವಿಡಿಯೋ ಪಾಠಗಳ ಅಗತ್ಯ ಬಹಳವಿದೆ. ಇದು ದ್ರಾಕ್ಷಿಯ ನಾಡು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದ ಮೇಲೆ ಒಣಬೇಸಾಯ ಬಿಟ್ಟು ಮೊದಲ ಸಲ ದ್ರಾಕ್ಷಿ ಪಡ ಹಾಕುವವರಿಗೆ ಮೊಬೈಲೇ ಹತ್ತಿರದ ಗುರು.

ಏಪ್ರಿಲ್ ಚಾಟ್ನಿಯನ್ನೇ, ಅಂದರೆ ಆ ತಿಂಗಳು ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಫಸಲು ಮುಗಿದ ಕಡ್ಡಿಯನ್ನು ಬುಡದಲ್ಲಿ ಒಂದೇ ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿ ಕತ್ತರಿಸಬೇಕು. ಅಕ್ಟೋಬರ್‌ನಲ್ಲಿ ಹಾಗಲ್ಲ, ಗೊನೆ ಕೊಡುವ ಕಣ್ಣು ಕಡ್ಡಿಯ ಎಷ್ಟನೆಯದು ಎಂದು ನೋಡಿ ಅದಕ್ಕಿಂತ ಮುಂದೆ ಕತ್ತರಿ ಹಾಕಬೇಕು. ಈ ಎರಡನ್ನೂ ಒಂದೇ ವಿಡಿಯೋದಲ್ಲಿ ತುರುಕಿದರೆ ಹೊಸಬ ತಪ್ಪು ತಿಂಗಳಲ್ಲಿ ತಪ್ಪು ಕಡೆ ಕತ್ತರಿಸಿಯಾನು. ಮೊದಲು ನಿಂತ ಚಿತ್ರದಲ್ಲಿ ಕೊಂಬೆ, ಕಡ್ಡಿ, ಕಣ್ಣು ಎಂಬ ಮೂರೇ ಹೆಸರು. ಆಮೇಲೆ ಕತ್ತರಿ ಹಿಡಿದವನ ಕಣ್ಣಿಗೆ ಕಾಣುವಂತೆಯೇ ಕ್ಯಾಮೆರಾ. ಜೋಡಣೆಯ ಕೆಲಸವನ್ನು ಮಾಡುವವನ ಕಡೆಯಿಂದ ಚಿತ್ರಿಸಿದಾಗ ನೋಡಿದವರು ಹೆಚ್ಚು ಕಲಿತರು ಎಂದು ಫಿಯೊರೆಲ್ಲಾ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದಾರೆ. ‘ನೋಡ್ರಿ, ಈ ಕಣ್ಣ ಬಿಟ್ಟು ಇಲ್ಲಿ ಕತ್ರಿ ಹಾಕ್ರಿ’ ಎಂಬ ಮಾತು, ಅದೇ ಕ್ಷಣಕ್ಕೆ ಆ ಜಾಗದ ಮೇಲೊಂದು ಬಾಣದ ಗುರುತು. ಅಲ್ಲಿಗೆ ಒಂದು ತುಂಡು ಮುಗಿಯಬೇಕು.

ಮಾತಾಡಿದ್ದನ್ನೆಲ್ಲ ಪರದೆಯಲ್ಲಿ ಅಕ್ಷರವಾಗಿ ಓಡಿಸುವುದು ಸಾಮಾನ್ಯವಾಗಿ ಹೊರೆ. ಅಪರಿಚಿತ ಹೆಸರು, ಅಳತೆಗಳ ವಿಷಯ ಬೇರೆ. ಒಣದ್ರಾಕ್ಷಿಗೆ ಗೊನೆಗಳನ್ನು ಅದ್ದುವ ದ್ರಾವಣದಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಎಷ್ಟು, ಡಿಪ್ಪಿಂಗ್ ಆಯಿಲ್ ಎಷ್ಟು ಎಂಬುದು ಕಿವಿಗೆ ಬಿದ್ದು ಮರೆತುಹೋಗಬಾರದು. ಪರದೆಯ ಮೇಲೆ ಬರೆದುಕೊಳ್ಳುವಷ್ಟು ಹೊತ್ತು ನಿಲ್ಲಬೇಕು.

ಇಷ್ಟೆಲ್ಲ ಹೊಸಬರಿಗೆ. ಅವರಿಗೆ ನೆರವಾಗುವ ಬಿಡಿಸಿದ ವಿವರಣೆ ಬಲ್ಲವರಿಗೆ ಅಡ್ಡಿಯಾಗುತ್ತದೆ ಎಂದು ಸ್ಲಾವಾ ಕಲ್ಯೂಗಾ, ಸ್ವೆಲ್ಲರ್ ಮೊದಲಾದವರು 2003ರಲ್ಲಿ ವಿವರಿಸಿದರು. ಇಪ್ಪತ್ತು ವರ್ಷ ಪಡ ಕಟ್ಟಿದವನಿಗೆ ಕಣ್ಣು ಯಾವುದು, ಕಡ್ಡಿ ಯಾವುದು ಎಂದು ತೋರಿಸುವುದರಲ್ಲಿ ಅರ್ಥವಿಲ್ಲ. ಅಕ್ಟೋಬರ್ ಚಾಟ್ನಿಗೆ ಮುಂಚೆ, ಗೊನೆ ಕೊಡುವ ಕಣ್ಣು ಯಾವುದೆಂದು ತಿಳಿಯಲು ಮಾಡಿಸಿದ ಪರೀಕ್ಷೆಯ ವರದಿ ನೋಡಿ ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸುವುದು ಹೇಗೆ ಎಂಬ ಬೇರೆಯದೇ ವಿಡಿಯೋ ಅವನಿಗೆ ಬೇಕು.