ಮುಪ್ಪಿಗೂ ಉಳಿಯುವ ಬಣ್ಣ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಇಂದು ಬೆಳ್ಳಗಿರುವುದು ನಾಳೆಯೂ ಬೆಳ್ಳಗೇ ಇದ್ದೀತೇ ಎಂಬುದು ಇನ್ನೊಂದು ಪ್ರಶ್ನೆ. ಸೀರೆ ಕೊಳ್ಳುವ ಗೃಹಿಣಿ ಅಂಗಡಿಯವನನ್ನು ಈ ಪ್ರಶ್ನೆ ಕೇಳದೆ ಬಿಡುವವಳಲ್ಲ. ಬಣ್ಣಕ್ಕೆ ಮೋಸವಿಲ್ಲವೆಂದು ಅವನು ಆಣೆಯಿಟ್ಟರೂ, ಸೆರಗಿನ ತುದಿಯನ್ನು ಒದ್ದೆ ಬೆರಳಿನಿಂದ ಉಜ್ಜಿ ನೋಡಿಯೇ ನಂಬುತ್ತಾಳೆ. ಹಾವು ಕೊಳ್ಳುವವನಿಗೆ ಆ ಅನುಕೂಲವಿಲ್ಲ. ಅಮೆರಿಕ, ಯೂರೋಪುಗಳಲ್ಲಿ ಬೋವಾ ಹಾವನ್ನು ಮನೆಯಲ್ಲಿ ಸಾಕುವವರು ಬಹಳ ಮಂದಿಯಿದ್ದಾರೆ. ಬಣ್ಣಬಣ್ಣದ ತಳಿಗಳ ಮರಿಗಳಿಗೆ ಅಲ್ಲಿ ಸಂತೆಯೇ ನೆರೆಯುತ್ತದೆ. ನನಗೆ ಹಾವು ಸಾಕುವ ಆಸೆಯೇನೂ ಇಲ್ಲ. ಆದರೆ ಆ ಬಣ್ಣಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಕೊಳ್ಳುವವನ ಪ್ರಶ್ನೆಗೆ ಉತ್ತರ ಆ ಚರಿತ್ರೆಯಲ್ಲೇ ಅಡಗಿದೆಯೆಂದು ನನಗೆ ತೋರಿತು.

ಬೋವಾ ನಮ್ಮ ಹೆಬ್ಬಾವಲ್ಲ. ಹೆಬ್ಬಾವು ಮೊಟ್ಟೆಯಿಡುತ್ತದೆ, ಬೋವಾ ಮರಿ ಹಾಕುತ್ತದೆ. ಅದರ ನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕ. ಹೆಸರು ಮಾತ್ರ ರೋಮಿನದು. ಹಸುವಿನ ಹಾಲು ಕುಡಿದು ಬೆಳೆಯುವುದರಿಂದಲೇ ಬೋವಾ ಎಂಬ ಹೆಸರು ಬಂತೆಂದು ಕ್ರಿ.ಶ. ಮೊದಲನೆಯ ಶತಮಾನದ ಪ್ಲಿನಿ ಬರೆದ. ಕೇರೆಹಾವು ಕೊಟ್ಟಿಗೆಗೆ ನುಗ್ಗಿ ಹಾಲು ಕುಡಿಯುತ್ತದೆಂದು ನಂಬಿದ ನಾವು ಅವನನ್ನು ನೋಡಿ ನಗಬೇಕಾಗಿಲ್ಲ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಹಳೆಯ ಹೆಸರನ್ನು ಅಮೆರಿಕದ ಹಾವಿಗೆ ತೊಡಿಸಿ, 'ಬೋವಾ ಕನ್‌ಸ್ಟ್ರಿಕ್ಟರ್' ಎಂದು ಕರೆದು, ಅದರ ವಾಸ 'ಇಂಡೀಸ್' ಎಂದು ನಮೂದಿಸಿದ. ನಮ್ಮ ಕಾಡುಗಳಲ್ಲಿ ಹುಡುಕಿದರೆ ಅದು ಸಿಕ್ಕದು.

ಆ ಕಾಲದ ಪಂಡಿತರು ದೂರದೇಶದ ಹಾವನ್ನು ಕಂಡದ್ದು ಹೆಚ್ಚಾಗಿ ಮದ್ಯಸಾರದ ಸೀಸೆಯೊಳಗೆ. ಮದ್ಯಸಾರದಲ್ಲಿ ಕೆಂಪು, ಹಳದಿಗಳು ಮಾಸಿಹೋಗುತ್ತವೆ. ಕಪ್ಪು, ಕಂದುಗಳು ಉಳಿಯುತ್ತವೆ. ಬೋವಾದ ಬಾಲದ ಚೆಲುವಾದ ಇಟ್ಟಿಗೆಗೆಂಪು ಸೀಸೆಯಲ್ಲಿ ನಿಲ್ಲುವುದಿಲ್ಲ. ಆದುದರಿಂದ ಹಾವಿನ ಬಣ್ಣದ ನಿಜವಾದ ಚರಿತ್ರೆ ಆರಂಭವಾಗುವುದು ಜೀವಂತ ಹಾವನ್ನು ವರ್ಷಗಟ್ಟಲೆ ಸಾಕಿ ನೋಡಿದವರಿಂದ.

ಅದರ ಮೊದಲ ಅಧ್ಯಾಯದ ನಾಯಕ ಬೋವಾ ಅಲ್ಲ, ಕಾರ್ನ್ ಸ್ನೇಕ್ ಎಂಬ ಅಮೆರಿಕದ ಸಾಧು ಹಾವು. 1953ರಲ್ಲಿ ಉತ್ತರ ಕೆರೊಲಿನಾದಲ್ಲಿ ಕಪ್ಪೇ ಇಲ್ಲದ ಒಂದು ಕಾರ್ನ್ ಸ್ನೇಕ್ ಸಿಕ್ಕಿತು. ಚರ್ಮರೋಗಗಳ ವೈದ್ಯರಾಗಿದ್ದ ಬರ್ನಾರ್ಡ್ ಬೆಕ್ಟೆಲ್ ತಮ್ಮ ಪತ್ನಿ ಎಲಿಜಬೆತ್ ಅವರೊಡನೆ ಈ ಬಗೆಯ ಹಾವಿನ ಸಂತಾನವನ್ನು ಸಾಕಿ, ಆಲ್ಬಿನೊ ಗುಣ ಮೆಂಡೆಲನ ಬಟಾಣಿಯ ನಿಯಮದಂತೆಯೇ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆಂದು 1962ರಲ್ಲಿ 'ಕೋಪಿಯಾ' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಮೊದಲ ಪೀಳಿಗೆಯಲ್ಲಿ ಮರೆಯಾದ ಬಣ್ಣ ಮೊಮ್ಮಕ್ಕಳಲ್ಲಿ ಮರಳಿ ಬರುತ್ತದೆ! ತಳಿಗಾರರ ಕೈಗೆ ಬೀಗದ ಕೈ ಸಿಕ್ಕಿದ್ದು ಹೀಗೆ. ಅದರ ಹಿಂದಿನ ಕಾರಣ ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು: ಆ ಹಾವಿನ ಓಸಿಎ2 ಎಂಬ ಜೀನಿನೊಳಗೆ ಹೊರಗಿನ ತುಣುಕೊಂದು ಸೇರಿಕೊಂಡಿದೆಯೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು.

ಕಾರ್ನ್ ಸ್ನೇಕಿನ ದಾರಿಯಲ್ಲೇ ಬೋವಾ ಕೂಡ ನಡೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ 'ಕಾಹ್ಲ್' ಮತ್ತು 'ಶಾರ್ಪ್' ಎಂಬ ಎರಡು ಆಲ್ಬಿನೊ ವಂಶಗಳು ಹೆಸರಾದವು. ಇವೆರಡನ್ನೂ ಕೂಡಿಸಿದರೆ ಹುಟ್ಟುವುದು ಸಾಧಾರಣ ಬಣ್ಣದ ಮರಿಗಳೇ. ನೋಡಲು ಒಂದೇ ಬಗೆಯಾದರೂ ದೋಷದ ಜೀನು ಬೇರೆ ಬೇರೆ. ಕಪ್ಪು ಕಡಮೆಯಿರುವ 'ಸಾಮನ್' ತಳಿ ಮತ್ತೊಂದು. ಸಾಮನ್ ಮತ್ತು ಆಲ್ಬಿನೊ ಗುಣಗಳೆರಡೂ ಒಂದೇ ಹಾವಿನಲ್ಲಿ ಕೂಡಿದರೆ ಅದು 'ಸನ್‌ಗ್ಲೋ'.

ಇವುಗಳಲ್ಲಿ ಯಾವ ಬಣ್ಣ ನಿಲ್ಲುತ್ತದೆ? ಹಾವಿನ ಚರ್ಮದಲ್ಲಿ ಮೂರು ಬಗೆಯ ವರ್ಣಕೋಶಗಳಿವೆ: ಕಪ್ಪು ಕೊಡುವ ಮೆಲನಿನ್ ಉಳ್ಳವು, ಹಳದಿ-ಕೆಂಪು ಕೊಡುವವು, ಸಣ್ಣ ಹರಳುಗಳಿಂದ ಬೆಳಕನ್ನು ಹಿಂದಕ್ಕೆ ಎಸೆಯುವವು. ಈ ಮೂರರ ಪ್ರಮಾಣ ವಯಸ್ಸಿನೊಡನೆ ಬದಲಾಗುತ್ತದೆ. ಸಾಧಾರಣ ಬೋವಾ ಮರಿಯ ಮೈಮೇಲಿನ ನಸುಗೆಂಪು ವರ್ಷ ಕಳೆದಂತೆ ಕಂದಿಗೆ ತಿರುಗುತ್ತದೆ. ನಮ್ಮ ಮಣ್ಣುಮುಕ್ಕ ಹಾವಿನಲ್ಲೂ ಹೀಗೆಯೇ. ಮರಿಯಲ್ಲಿರುವ ಕಿತ್ತಳೆ ಛಾಯೆ, ಬಾಲದ ಕಪ್ಪು ಪಟ್ಟೆಗಳು ಬೆಳೆದ ಮೇಲೆ ಮಸಕಾಗುತ್ತವೆ. ಆಲ್ಬಿನೊ ಬೋವಾಕ್ಕೆ ಕಪ್ಪಾಗುವ ಭಯವಿಲ್ಲ. ಆದರೆ ಹುಟ್ಟಿದಾಗಿನ ಅಚ್ಚ ಬಿಳುಪಿನ ಮೇಲೆ ಸಾಮಾನ್ಯವಾಗಿ ಹಳದಿ ಏರುತ್ತದೆ, ಬಿಳಿ-ಕೆಂಪುಗಳ ನಡುವಣ ಗೆರೆ ಮೃದುವಾಗುತ್ತದೆ. ಕೆಂಪಿಲ್ಲದ ಬೂದುಬಣ್ಣದ ಕಾರ್ನ್ ಸ್ನೇಕಿಗೆ ದೊಡ್ಡದಾದ ಮೇಲೆ ಕುತ್ತಿಗೆಯ ಪಕ್ಕದಲ್ಲಿ ಹಳದಿ ಮೂಡುವುದನ್ನು ಸಾಕುವವರೆಲ್ಲ ಬಲ್ಲರು. ಕಪ್ಪನ್ನು ಹುಟ್ಟಿನಿಂದಲೇ ತಗ್ಗಿಸಿದ ಸಾಮನ್ ಮತ್ತು ಸನ್‌ಗ್ಲೋಗಳಲ್ಲಿ ಬೆಚ್ಚನೆಯ ಬಣ್ಣ ಉಳಿಯುವ ಸಂಭವ ಹೆಚ್ಚು. ಆದರೆ ಅಲ್ಲಿಯೂ ವಂಶಕ್ಕೊಂದು ಬಗೆ.

ತಳಿಯ ಹೆಸರು ಯಾವ ಬಣ್ಣ ಇಲ್ಲವೆಂದು ಹೇಳೀತು. ಇರುವ ಬಣ್ಣ ಎಷ್ಟು ಕಾಲವೆಂದು ಹೇಳಲಾರದು. ಅದನ್ನು ಹೇಳಬಲ್ಲವರು ಮರಿಯ ತಂದೆತಾಯಿಗಳು ಮಾತ್ರ. ಹೆಣ್ಣು ನೋಡಲು ಹೋದವರು ತಾಯಿಯನ್ನೂ ಒಮ್ಮೆ ನೋಡಿ ಬರುವ ನಮ್ಮ ಪದ್ಧತಿ ಇಲ್ಲಿ ಶಾಸ್ತ್ರಸಮ್ಮತ. ತಂದೆತಾಯಿಗಳನ್ನೂ, ಅದೇ ವಂಶದ ನಾಲ್ಕೈದು ವರ್ಷದ ಅಣ್ಣ-ಅಕ್ಕಂದಿರನ್ನೂ ನೋಡಬೇಕು. ಅದೂ ಹಗಲಿನ ಬೆಳಕಿನಲ್ಲಿ. ಪೊರೆ ಬಿಟ್ಟ ಮರುದಿನ ಎಲ್ಲ ಹಾವೂ ಚೆಲುವನೇ. ಬೋವಾ ಹಗಲಿರುಳಿನೊಡನೆ ತುಸು ಬಣ್ಣ ಬದಲಿಸುವುದೂ ಉಂಟು.

ತಳಿಗಾರನ ಕೈ ಸೋಕದೆಯೇ ತಿಳಿಬಣ್ಣವನ್ನು ಮುಪ್ಪಿನವರೆಗೆ ಉಳಿಸಿಕೊಂಡ ಬೋವಾ ಕೂಡ ಒಂದಿದೆ. ಹೊಂಡುರಾಸಿನ ಉತ್ತರ ಕರಾವಳಿಯಾಚೆ ಕಾಯೋಸ್ ಕೊಚಿನೋಸ್ ಎಂಬ ಚಿಕ್ಕ ದ್ವೀಪಗಳಿವೆ. ಅಲ್ಲಿಯ ಬೋವಾ ಗಾತ್ರದಲ್ಲಿ ಸಣ್ಣದು, ಮೈ ತಿಳಿಬೂದು, ಬಾಲ ನಸುಗಿತ್ತಳೆ. ಆ ಬಣ್ಣವೇ ಅದಕ್ಕೆ ಮೃತ್ಯುವಾಯಿತು. 1980ರ ದಶಕದ ಆಸುಪಾಸಿನಲ್ಲಿ ಸಾಕುಪ್ರಾಣಿಗಳ ವ್ಯಾಪಾರಕ್ಕಾಗಿ ಅವನ್ನು ಮಿತಿಮೀರಿ ಹಿಡಿದು ಸಾಗಿಸಿದರು. ದ್ವೀಪಗಳಲ್ಲಿ ಹಾವು ಕಾಣುವುದೇ ಅಪರೂಪವಾಯಿತು. 1993ರಲ್ಲಿ ದ್ವೀಪಗಳಿಗೆ ರಕ್ಷಣೆ ದೊರೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಸಂಶೋಧಕರು ಹಾವುಗಳನ್ನು ಹಿಡಿದು, ಗುರುತು ಮಾಡಿ, ಬಿಟ್ಟು ಎಣಿಸಿದಾಗ ಸಂತತಿ ಚೇತರಿಸಿಕೊಂಡಿತ್ತು. ಉಳಿಯುವ ಬಣ್ಣ ಬೇಕೆಂದು ಕಾಡಿಗೆ ಕೈಹಾಕಿದರೆ ಬಣ್ಣದೊಡನೆ ಹಾವೂ ಉಳಿಯದು. ನಮ್ಮ ಮಣ್ಣುಮುಕ್ಕನಿಗೂ ಮೂಢನಂಬಿಕೆಯ ವ್ಯಾಪಾರಿಗಳಿಂದ ಇದೇ ಗಂಡಾಂತರ. ಅದನ್ನು ಹಿಡಿಯುವುದೂ ಮಾರುವುದೂ ಕಾನೂನಿನಲ್ಲಿ ಅಪರಾಧ.

ಫಿಲಡೆಲ್ಫಿಯದ ಮೃಗಾಲಯದಲ್ಲಿ ಪಾಪೈ ಎಂಬ ಬೋವಾ 40 ವರ್ಷ ದಾಟಿ ಬದುಕಿ 1977ರಲ್ಲಿ ತೀರಿಕೊಂಡಿತು. ಮರಿಯ ಮೆರುಗು ಮೊದಲ ಎರಡು-ಮೂರು ವರ್ಷಗಳ ಮಾತು; ಉಳಿದ ದಶಕಗಳೆಲ್ಲ ಬೆಳೆದ ಹಾವಿನವು. ಅಂಗೈಯಲ್ಲಿ ಸುತ್ತಿಕೊಂಡ ಮರಿಯ ಕೆಂಪಿಗೆ ಮರುಳಾಗಿ ಕೊಂಡವನು, ಅದು ಕಂದಾದ ದಿನ ಬೇಸತ್ತು ಮೂಲೆಗೆ ತಳ್ಳಿದರೆ ನಷ್ಟ ಅವನದಲ್ಲ, ಹಾವಿನದು. ಮುದಿ ಬೋವಾದ ಮಾಸಿದ ಮೈಯನ್ನು ಮೊದಲು ನೋಡಿ, ಇದೂ ಚೆನ್ನಾಗಿದೆ ಎನ್ನಬಲ್ಲವನು ಮಾತ್ರ ಅದರ ಮರಿಯನ್ನು ಮನೆಗೆ ತರಲಿ.