ಹಗರಿ ದಂಡೆಯ ಹಳೆಯ ಒಕ್ಕಲು



ನದಿ ಕಣಿವೆಯ ನಾಗರಿಕತೆ ಎಂದ ಕೂಡಲೇ ನಮ್ಮ ಮಕ್ಕಳು ಹರಪ್ಪ, ಮೊಹೆಂಜೊದಾರೊ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ರಾಯದುರ್ಗದ ಸೀಮೆಯಲ್ಲೇ ಹರಿಯುವ ವೇದಾವತಿ, ಅಂದರೆ ನಮ್ಮ ಹಗರಿ, ಯಾರ ಬಾಯಲ್ಲೂ ಬರುವುದಿಲ್ಲ. ವರ್ಷದ ಬಹುಕಾಲ ಬರೀ ಮರಳಾಗಿ ಮಲಗಿರುವ ಹಗರಿಗೆ ಎಂಥ ನಾಗರಿಕತೆ ಎಂದು ನೀವು ನಗಬಹುದು.

ರಾಯದುರ್ಗಕ್ಕೆ ಸಮೀಪದಲ್ಲೇ, ಗಡಿಯ ಆಚೆ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಇದೆ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅದೇ ಬೆಟ್ಟದ ಬುಡವನ್ನು ಅಗೆಸಿದಾಗ ಅಶೋಕನಿಗಿಂತ ಬಹಳ ಹಿಂದಿನ ಊರೊಂದು ಸಿಕ್ಕಿತು. ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು, ಕೈಯಿಂದಲೇ ಮಾಡಿದ ಮಡಕೆಗಳು. ಎಳೆಯ ಮಕ್ಕಳು ತೀರಿಕೊಂಡರೆ ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ವೀಲರ್ ಇದಕ್ಕೆ ಸುಮಾರು 3000 ವರ್ಷದ ವಯಸ್ಸು ಕೊಟ್ಟರು. ಇಂಗಾಲದ ಪರೀಕ್ಷೆ ಬಂದ ಮೇಲೆ ಈ ಸೀಮೆಯ ಇಂಥ ಊರುಗಳ ವಯಸ್ಸು 4000 ವರ್ಷ ದಾಟಿತು. ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಚರಂಡಿ ಇದ್ದ ಕಾಲಕ್ಕೆ ಇಲ್ಲಿ ದನದ ಹಟ್ಟಿ ಇತ್ತು. ನಗರವಿರಲಿಲ್ಲ, ಲಿಪಿಯೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಅವರು ಉಣ್ಣುತ್ತಿದ್ದುದು ಏನನ್ನು? ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸುಟ್ಟು ಕರಿಯಾದ ಕಾಳುಗಳು ದೊರೆತಿವೆ: ಹುರುಳಿ, ಹೆಸರು, ಕೊರಲೆ. ರಾಗಿ ಆಫ್ರಿಕದಿಂದ ಆಮೇಲೆ ಬಂದ ನೆಂಟ. ಕೊರಲೆ ಎಂದರೇನೆಂದು ಮಡಕಶಿರಾ ಕಡೆಯ ಹಿರಿಯರನ್ನು ಕೇಳಿ, ಹೇಳುತ್ತಾರೆ. ಹುರುಳಿ ಸಾರಿನ ಮಾತಂತೂ ಬೇಡವೇ ಬೇಡ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಬೆಳೆಸಾಲದ ಅರ್ಜಿಯಲ್ಲಿ ಬರೆದದ್ದು ಕಡಲೆಕಾಯಿ, ಕಡಲೆಕಾಯಿ, ಕಡಲೆಕಾಯಿ. ಅದು ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ನಾಲ್ಕು ಸಾವಿರ ವರ್ಷದ ಹುರುಳಿಗೆ ಸಾಲ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ.

ಇನ್ನು ಬೂದಿದಿಬ್ಬಗಳು. ಹಂಪೆಯ ಹತ್ತಿರ ನಿಂಬಾಪುರದಲ್ಲಿರುವುದನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ನಮ್ಮ ಕಲ್ಯಾಣದುರ್ಗದ ಕಡೆ ಪಾಲವಾಯಿಯಲ್ಲೂ ಬೂದಿದಿಬ್ಬವಿದೆ, ವಿ. ರಾಮಿರೆಡ್ಡಿ ಅವರು ಅಗೆದು ಅಭ್ಯಾಸ ಮಾಡಿದ್ದು ಅದನ್ನೇ. ಈ ಬೂದಿ ಯಾವುದರದು ಎಂದು ಪಂಡಿತರು ಬಹುಕಾಲ ಜಗಳವಾಡಿದರು. 1957ರಲ್ಲಿ ಅಂದಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಆಲ್ಚಿನ್ ಅವರು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಂಡವು. ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಬೆಳೆದ ದಿಬ್ಬವದು. ಏಕೆ ಸುಟ್ಟರು? ಹಬ್ಬಕ್ಕೆಂದು ಆಲ್ಚಿನ್ ಅವರ ಊಹೆ. ಸಂಕ್ರಾಂತಿಗೆ ನಾವು ಕಿಚ್ಚು ಹಾಯಿಸುವುದು ನೆನಪಾಗುತ್ತದೆ, ಆದರೆ ಅದೇ ಇದು ಎಂದು ನಾನು ಹೇಳಲಾರೆ.

ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಆಂಧ್ರಕ್ಕೆ ಬಂದೆವು. ಸಂಗನಕಲ್ಲು ಅವರ ಲೆಕ್ಕಕ್ಕೆ, ಪಾಲವಾಯಿ ಇವರ ಲೆಕ್ಕಕ್ಕೆ. ಹಗರಿ ಮಾತ್ರ ಎರಡೂ ಕಡೆ ಹರಿಯುತ್ತದೆ, ನೀರಿದ್ದಾಗ. ಬೂದಿಯನ್ನು ಗೊಬ್ಬರವೆಂದು ಗಾಡಿಗೆ ಹೇರಿ ಹೊಲಕ್ಕೆ ಚೆಲ್ಲುವ ರೂಢಿಯಿಂದ ಎಷ್ಟೋ ದಿಬ್ಬಗಳು ಕರಗಿವೆ.

ನಿಮ್ಮೂರ ಬೇವಿನ ಕಟ್ಟೆಯ ಮೇಲೆ, ಗುಡಿಯ ಮುಂದೆ, ಅಂಗೈಯಗಲದ ನುಣುಪಾದ ಕಪ್ಪು ಕಲ್ಲುಗಳನ್ನು ಯಾರಾದರೂ ಕುಂಕುಮವಿಟ್ಟು ಪೂಜಿಸುತ್ತಿದ್ದರೆ, ಒಂದು ತುದಿ ಹರಿತವಾಗಿದೆಯೇ ನೋಡಿ. ಇದ್ದರೆ ಅಲ್ಲೇ ಇರಲಿ. ಶಾಲೆಯ ಮೇಷ್ಟ್ರನ್ನು, ಮಕ್ಕಳನ್ನು ಕರೆದು ತೋರಿಸಿ.